ಮೂರು ನೀಲಿ, ಒಂದು ಕೆಂಪು

ಈ ಸಂಕ್ರಾಂತಿಗೆ ತುಮಕೂರಿಗೆ ಬಂದಾಗ ನಮ್ಮ ಮನೆಯ ಹಜಾರದಲ್ಲಿ ಅವರೆಕಾಯಿ ರಾಶಿ ಬಿದ್ದಿತ್ತು. ಗುಬ್ಬಿಯಿಂದ ಬಂದಿದ್ದ ಚಿಕ್ಕಪ್ಪ ಕಾಯಿ ಸುಲಿಯುತ್ತಾ ಕೂತಿದ್ದರು. ನನ್ನ ಮಗನಿಗೆ ಹದಿನಾಲ್ಕು ತಿಂಗಳು, ಕೈಗೆ ಸಿಕ್ಕಿದ್ದನ್ನೆಲ್ಲ ಎಳೆಯುವ ವಯಸ್ಸು. ನನ್ನ ಬ್ಯಾಗಿಗೆ ಕೈ ಹಾಕಿ ಪಾಸ್‌ಪೋರ್ಟ್‌ಗಳನ್ನು ಅವರೆ ಸಿಪ್ಪೆಯ ಮೇಲೆ ಚೆಲ್ಲಿದ. ಮೂರು ನೀಲಿ, ಒಂದು ಕೆಂಪು. ಚಿಕ್ಕಪ್ಪ ಕೆಂಪು ಎತ್ತಿಕೊಂಡು ತಿರುಗಿಸಿ ನೋಡಿದರು.

"ಇದ್ಯಾರ್ದು?"

"ಇವನದೇ ಚಿಕ್ಕಪ್ಪ."

"ಅಕ್ಕಂದು ನೀಲಿ, ತಮ್ಮಂದು ಕೆಂಪು. ಒಂದೇ ಹೊಟ್ಟೇಲಿ ಹುಟ್ಟಿದವು ಕಣಮ್ಮ, ದೇಶ ಹೆಂಗೆ ಎರಡಾಯ್ತವೆ?"

ಒಂದು ಮಾತಿನಲ್ಲಿ ಹೇಳುವ ಉತ್ತರ ಅಲ್ಲ ಅದು. ನಾನು ಮತ್ತು ನನ್ನ ಗಂಡ 2017ರಿಂದ ಜರ್ಮನಿಯ ಸ್ಟುಟ್‌ಗಾರ್ಟ್ ಹತ್ತಿರ ಇದ್ದೇವೆ. ಇಬ್ಬರು ಮಕ್ಕಳೂ ಅಲ್ಲೇ ಹುಟ್ಟಿದವರು. ಊರಿಗೆ ಬಂದಾಗಲೆಲ್ಲ ಇಂಥ ಪ್ರಶ್ನೆಗಳು ಬರುತ್ತವೆ. ಮಗು ಯಾರು ನೋಡ್ಕೊಳ್ತಾರೆ? ಬಾಣಂತನ ಯಾರು ಮಾಡಿದ್ರು? ನಿಮ್ಮಮ್ಮ ಅಲ್ಲೇ ಇರಬಹುದಲ್ವಾ? ಊರಿನಲ್ಲಿ ಮಗು ಬೆಳೆಸುವುದು ಮನೆಮಂದಿಯ ಕೆಲಸ. ಯಾರೋ ಎತ್ತಿಕೊಳ್ಳುತ್ತಾರೆ, ಯಾರೋ ಉಣ್ಣಿಸುತ್ತಾರೆ, ಲೆಕ್ಕ ಇಡುವವರಿಲ್ಲ. ಅಲ್ಲಿ ಅದೇ ಕೆಲಸದ ಒಂದೊಂದು ತುಂಡಿಗೂ ಒಂದು ಕಾನೂನು, ಒಂದು ಅರ್ಜಿ, ಒಂದು ಗಡುವು. ಗಂಡ ಹೆಂಡತಿಯ ಅರ್ಧ ಸಂಸಾರ ಈ ಗಡುವುಗಳ ಲೆಕ್ಕದಲ್ಲೇ ಕಳೆಯುತ್ತದೆ. ಆ ಲೆಕ್ಕ ಹೇಗೆ ನಡೆಯುತ್ತದೆ ಅಂತ ಇಲ್ಲಿ ಬಿಡಿಸಿ ಹೇಳುತ್ತೇನೆ.

ಮೊದಲು ಚಿಕ್ಕಪ್ಪನ ಪ್ರಶ್ನೆ. ಮಗು ಯಾವ ದೇಶದ್ದು ಎಂದು ತೀರ್ಮಾನಿಸಲು ಎರಡು ದಾರಿಗಳಿವೆ. ಒಂದು ರಕ್ತ, ಅಂದರೆ ಅಪ್ಪ ಅಮ್ಮ ಯಾರು ಅನ್ನುವುದು. ಇನ್ನೊಂದು ನೆಲ, ಅಂದರೆ ಎಲ್ಲಿ ಹುಟ್ಟಿತು ಅನ್ನುವುದು. ಅಮೆರಿಕದಲ್ಲಿ 1868ರ ಹದಿನಾಲ್ಕನೇ ತಿದ್ದುಪಡಿಯಿಂದ ನೆಲದ ಲೆಕ್ಕ ನಡೆದುಬಂದಿದೆ. 2025ರ ಜನವರಿಯಲ್ಲಿ ಅಲ್ಲಿನ ಅಧ್ಯಕ್ಷರು ಅದನ್ನು ಮೊಟಕು ಮಾಡುವ ಆದೇಶ ಹೊರಡಿಸಿದರು, ವಿಷಯ ಕೋರ್ಟಿಗೆ ಹೋಯಿತು. ಜರ್ಮನಿಯಲ್ಲಿ ಮೊದಲಿಂದ ರಕ್ತದ ಲೆಕ್ಕವೇ. 2000ದಿಂದ ಅದಕ್ಕೆ ನೆಲದ ಲೆಕ್ಕವನ್ನೂ ಸ್ವಲ್ಪ ಸೇರಿಸಿದರು. ಅಪ್ಪ ಅಮ್ಮ ಇಬ್ಬರೂ ಹೊರದೇಶದವರಾದರೂ, ಅವರಲ್ಲಿ ಒಬ್ಬರು ಎಂಟು ವರ್ಷ ಕಾನೂನುಬದ್ಧವಾಗಿ ಅಲ್ಲಿದ್ದು, ಕಾಯಂ ವಾಸದ ಪರವಾನಗಿ ಹೊಂದಿದ್ದರೆ, ಅಲ್ಲಿ ಹುಟ್ಟಿದ ಮಗು ಜರ್ಮನ್. 2024ರ ಜೂನ್ 27ರಿಂದ ಆ ಎಂಟನ್ನು ಐದಕ್ಕೆ ಇಳಿಸಿದರು.

ಮಗಳು ಹುಟ್ಟಿದ್ದು 2020ರ ಮೇ ತಿಂಗಳಲ್ಲಿ. ಆಗ ನಾವು ಹೋಗಿ ಮೂರು ವರ್ಷ. ಆದ್ದರಿಂದ ಅವಳು ಭಾರತೀಯಳು. ಮಗ ಹುಟ್ಟಿದ್ದು 2024ರ ನವೆಂಬರ್‌ನಲ್ಲಿ. ಆಗ ಏಳು ವರ್ಷ ಆಗಿತ್ತು, ಗಂಡನಿಗೆ ಕಾಯಂ ಪರವಾನಗಿ ಬಂದಿತ್ತು. ಹಳೆಯ ಕಾನೂನೇ ಇದ್ದಿದ್ದರೆ ಅವನೂ ನೀಲಿ ಪಾಸ್‌ಪೋರ್ಟಿನವನೇ. ಐದು ತಿಂಗಳ ಹಿಂದೆ ಬದಲಾದ ಒಂದು ಅಂಕಿಯಿಂದ ಕೆಂಪು ಬಂತು. ನಾವು ಅರ್ಜಿ ಹಾಕಿ ಕೇಳಿದ್ದಲ್ಲ.

ಹಾಗಾದರೆ ಮಗಳು ಭಾರತೀಯಳಾಗಿದ್ದು ತಾನಾಗಿಯೇನಾ? ಅಲ್ಲ. ಇದು ಬಹಳ ಜನಕ್ಕೆ ಗೊತ್ತಿರುವುದಿಲ್ಲ. 1955ರ ನಮ್ಮ ಪೌರತ್ವ ಕಾಯ್ದೆಯ ನಾಲ್ಕನೇ ಕಲಮಿನ ಪ್ರಕಾರ, 2004ರ ಡಿಸೆಂಬರ್ 3ರಿಂದ ಈಚೆಗೆ ಹೊರದೇಶದಲ್ಲಿ ಹುಟ್ಟಿದ ಮಗುವಿನ ಜನನವನ್ನು ಒಂದು ವರ್ಷದೊಳಗೆ ಭಾರತದ ದೂತಾವಾಸದಲ್ಲಿ ನೋಂದಾಯಿಸಬೇಕು. ಮಗುವಿಗೆ ಬೇರೆ ದೇಶದ ಪಾಸ್‌ಪೋರ್ಟ್ ಇಲ್ಲ ಅಂತ ಅಪ್ಪ ಅಮ್ಮ ಬರೆದುಕೊಡಬೇಕು. ವರ್ಷ ದಾಟಿದರೆ ಕೇಂದ್ರ ಸರ್ಕಾರದ ಅನುಮತಿ ಬೇಕು. ಅಪ್ಪ ಅಮ್ಮ ಇಬ್ಬರೂ ಭಾರತೀಯರು, ಇನ್ನೇನು ಬೇಕು ಅಂತ ಸುಮ್ನೆ ಕೂತರೆ ಮಗು ಯಾವ ದೇಶಕ್ಕೂ ಸೇರದೆ ನಡುವೆ ಸಿಕ್ಕಿಕೊಳ್ಳುತ್ತದೆ. ಅದರ ಜೊತೆಗೆ ಜರ್ಮನಿಯಲ್ಲಿ ಆ ಕೂಸಿಗೂ ವಾಸದ ಪರವಾನಗಿ ಬೇಕು. ಹುಟ್ಟಿದ ಆರು ತಿಂಗಳೊಳಗೆ ಅರ್ಜಿ ಹಾಕಬೇಕು. ಕತ್ತು ನಿಲ್ಲದ ಮಗುವಿನ ಪಾಸ್‌ಪೋರ್ಟ್ ಫೋಟೋ ತೆಗೆಸಿದವರಿಗೇ ಆ ಕಷ್ಟ ಗೊತ್ತು. ಬಿಳಿ ಪಂಚೆ ಹಾಸಿ, ಮಲಗಿಸಿ, ಮೇಲಿಂದ ಗಂಡ ಮೊಬೈಲ್ ಹಿಡಿದು ನಲವತ್ತು ಫೋಟೋ ತೆಗೆದಿದ್ದರು. ಒಂದರಲ್ಲಿ ಮಾತ್ರ ಕಣ್ಣು ಬಿಟ್ಟಿದ್ದಳು.

ಮಗನ ವಿಷಯದಲ್ಲಿ ಇನ್ನೊಂದು ಗಂಟಿದೆ. ಜರ್ಮನಿ 2024ರಿಂದ ಎರಡು ಪೌರತ್ವ ಒಪ್ಪುತ್ತದೆ, ಭಾರತ ಒಪ್ಪುವುದಿಲ್ಲ. ಆದರೆ ಹುಟ್ಟಿನಿಂದಲೇ ಎರಡೂ ಬರುವ ಮಗುವಿಗೆ ನಮ್ಮ ಕಾಯ್ದೆ ಸ್ವಲ್ಪ ಕಾಲ ಕೊಡುತ್ತದೆ. ದೂತಾವಾಸದಲ್ಲಿ ನೋಂದಾಯಿಸಿ ಭಾರತದ ಪೌರತ್ವ ಇಟ್ಟುಕೊಂಡರೆ, ಹದಿನೆಂಟು ತುಂಬಿದ ಆರು ತಿಂಗಳೊಳಗೆ ಇನ್ನೊಂದು ದೇಶದ್ದನ್ನು ಬಿಡಬೇಕು. ಬಿಡದಿದ್ದರೆ ಭಾರತದ್ದು ಹೋಗುತ್ತದೆ. ಆದರೆ ಈ ದಾರಿಯಲ್ಲಿ ಜರ್ಮನ್ ಪಾಸ್‌ಪೋರ್ಟ್ ತೆಗೆಯುವ ಹಾಗಿಲ್ಲ. ನಾವು ರಾತ್ರಿಗಟ್ಟಲೆ ಕೂತು ಮಾತಾಡಿ ಕೆಂಪು ಪಾಸ್‌ಪೋರ್ಟ್ ತೆಗೆದೆವು, ಜೊತೆಗೆ ಓಸಿಐ ಕಾರ್ಡ್ ಮಾಡಿಸಿದೆವು. 2005ರಲ್ಲಿ ಕಾನೂನಿಗೆ ಬಂದ ಈ ಕಾರ್ಡಿನ ಹೆಸರಿನಲ್ಲಿ 'ಸಾಗರೋತ್ತರ ಭಾರತೀಯ ನಾಗರಿಕ' ಅಂತಿದೆ. ಹೆಸರು ಅಷ್ಟೇ. ನಿಜವಾಗಿ ಅದು ಜೀವನಪೂರ್ತಿ ನಡೆಯುವ ವೀಸಾ. ಬರಬಹುದು, ಇರಬಹುದು, ಓದಬಹುದು, ಕೆಲಸ ಮಾಡಬಹುದು. ಓಟು ಹಾಕುವಂತಿಲ್ಲ. 2021ರ ಮಾರ್ಚ್‌ನ ಅಧಿಸೂಚನೆಯ ನಂತರ ನೀಟ್, ಜೆಇಇ ಸೀಟುಗಳಲ್ಲಿ ಅವರನ್ನು ಎನ್‌ಆರ್‌ಐ ಸಾಲಿಗೆ ಸೇರಿಸಿದ್ದಾರೆ. ಊರಿಗೆ ವಾಪಸ್ ಬಂದು ಮಕ್ಕಳನ್ನು ಇಲ್ಲೇ ಓದಿಸೋಣ ಅನ್ನುವ ದಂಪತಿಗಳು ಇದನ್ನು ಮೊದಲೇ ತಿಳಿದುಕೊಳ್ಳುವುದು ಒಳ್ಳೇದು.

ಹೆಸರಿನ ಕಥೆಯೂ ಇಲ್ಲೇ ಹೇಳಿಬಿಡುತ್ತೇನೆ. ನಮ್ಮ ಕಡೆ ಇನಿಷಿಯಲ್ ಸಾಕು, ಮನೆತನದ ಹೆಸರು ಬರೆಯುವ ರೂಢಿ ಕಡಿಮೆ. ಅಲ್ಲಿನ ಜನನ ನೋಂದಣಿ ಕಚೇರಿಯಲ್ಲಿ ಮನೆತನದ ಹೆಸರಿಲ್ಲದೆ ಅರ್ಜಿ ಮುಂದೆ ಹೋಗುವುದಿಲ್ಲ. ಕೊನೆಗೆ ಮಕ್ಕಳಿಗೆ ಅಪ್ಪನ ಹೆಸರೇ ಮನೆತನದ ಹೆಸರಾಯಿತು. ನನ್ನದು ನಮ್ಮಪ್ಪನ ಹೆಸರು, ಗಂಡನದು ಅವರ ಅಪ್ಪನ ಹೆಸರು. ನಾಲ್ಕು ಜನಕ್ಕೆ ಮೂರು ಮನೆತನ! ಮಕ್ಕಳನ್ನು ಕರೆದುಕೊಂಡು ನಾನೊಬ್ಬಳೇ ವಿಮಾನ ಹತ್ತುವಾಗ ಜನನ ಪತ್ರ ಕೈಯಲ್ಲೇ ಇರುತ್ತದೆ.

ಬಾಣಂತನಕ್ಕೆ ಬರೋಣ. ಮಗಳ ಹೆರಿಗೆಗೆ ಅಮ್ಮನ ಟಿಕೆಟ್ ಏಪ್ರಿಲ್‌ಗೆ ಆಗಿತ್ತು. 2020ರ ಮಾರ್ಚ್ 23ರಿಂದ ಭಾರತ ಮಾಮೂಲಿ ಅಂತರರಾಷ್ಟ್ರೀಯ ವಿಮಾನಗಳನ್ನು ನಿಲ್ಲಿಸಿತು. ಅಮ್ಮ ಕಟ್ಟಿಟ್ಟಿದ್ದ ಬಾಣಂತಿ ಖಾರದ ಪುಡಿ, ಬಜೆ, ಹತ್ತಿ ಬಟ್ಟೆ ಎಲ್ಲ ತುಮಕೂರಿನ ಬೀರುವಿನಲ್ಲೇ ಉಳಿಯಿತು. ಬಂದದ್ದು ಮಾಸ್ಕ್ ಹಾಕಿಕೊಂಡ ಹೆಬಾಮೆ.

ಹೆಬಾಮೆ ಅಂದರೆ ಸೂಲಗಿತ್ತಿ. ಆದರೆ ಓದಿ ಪರವಾನಗಿ ಪಡೆದವಳು. ಹೆರಿಗೆಯಾದ ಮೇಲೆ ಮನೆಗೇ ಬರುತ್ತಾಳೆ. ಮೊದಲ ಹತ್ತು ದಿನ ಬೇಕಿದ್ದರೆ ದಿನಾ, ಆಮೇಲೆ ಹನ್ನೆರಡು ವಾರದ ತನಕ ಆಗಾಗ. ಹೊಕ್ಕುಳು ನೋಡುತ್ತಾಳೆ, ಮಗು ತೂಗುತ್ತಾಳೆ, ಹಾಲು ಸರಿಯಾಗಿ ಬರುತ್ತಿದೆಯಾ ಕೇಳುತ್ತಾಳೆ, ಹೊಲಿಗೆ ಮಾಗಿದೆಯಾ ನೋಡುತ್ತಾಳೆ. ಖರ್ಚು ಆರೋಗ್ಯ ವಿಮೆಯದು. ಅವರ ಭಾಷೆಯಲ್ಲೂ ಬಾಣಂತನಕ್ಕೆ ಒಂದು ಪದ ಇದೆ, ವೋಖನ್‌ಬೆಟ್. ವಾರಗಟ್ಟಲೆ ಹಾಸಿಗೆ ಅಂತ ಅರ್ಥ. ಬಾಣಂತಿ ಏಳಬಾರದು ಅನ್ನುವುದು ನಮ್ಮ ಅಜ್ಜಿಯ ಮಾತು ಮಾತ್ರ ಅಂದುಕೊಂಡಿದ್ದೆ, ಅಲ್ಲಿನವರದೂ ಹೌದು. ಆದರೆ ಹೆಬಾಮೆ ಸಿಗುವುದೇ ಕಷ್ಟ. ಬಸಿರು ಗೊತ್ತಾದ ವಾರವೇ ಹುಡುಕಲು ಶುರು ಮಾಡಬೇಕು.

ಜಗಳ ಹತ್ತುವುದು ಸ್ನಾನದಲ್ಲಿ. ನಮ್ಮಲ್ಲಿ ಕೂಸಿಗೆ ದಿನಾ ಎಣ್ಣೆ ಹಚ್ಚಿ, ಕಾಲ ಮೇಲೆ ಮಲಗಿಸಿಕೊಂಡು, ಬಿಸಿನೀರು ಹುಯ್ದು, ಸಾಮ್ರಾಣಿ ಹೊಗೆ ಹಿಡಿದರೆ ಅದು ಮೂರು ತಾಸು ಮಲಗುತ್ತದೆ. ಹೆಬಾಮೆ ಹೇಳಿದ್ದು ವಾರಕ್ಕೆ ಒಂದೋ ಎರಡೋ ಸಲ ಸಾಕು, ಚರ್ಮ ಒಣಗುತ್ತದೆ ಅಂತ. ಹೊಗೆಯ ಮಾತೆತ್ತಿದರೆ ಹೌಹಾರಿದಳು. ವಿಡಿಯೋ ಕಾಲ್‌ನಲ್ಲಿ ಅಮ್ಮ, ಎದುರಿಗೆ ಹೆಬಾಮೆ, ನಡುವೆ ಎರಡು ದಿನದ ಬಾಣಂತಿ ನಾನು. ಇಬ್ಬರ ಮಾತನ್ನೂ ನಾನೇ ಅನುವಾದಿಸಬೇಕು. ಅರ್ಧ ಸುಳ್ಳು ಹೇಳಿ ಇಬ್ಬರನ್ನೂ ಸಮಾಧಾನ ಮಾಡಿದೆ. ಇನ್ನೊಂದು ವ್ಯತ್ಯಾಸ ಬಿಸಿಲು. ಇಲ್ಲಿ ಮಗುವನ್ನು ಎಳೆ ಬಿಸಿಲಿಗೆ ಹಿಡಿಯುತ್ತೇವೆ. ಅಲ್ಲಿ ಬಿಸಿಲೇ ಇಲ್ಲ, ಆದ್ದರಿಂದ ಮೊದಲ ವರ್ಷ ದಿನಾ ವಿಟಮಿನ್ ಡಿ ಕೊಡಲು ಹೇಳುತ್ತಾರೆ. ಹಾಗೆಯೇ ಬಿಸಿಜಿ. ಕ್ಷಯದ ಆ ಲಸಿಕೆಯನ್ನು ಜರ್ಮನಿ 1998ರಿಂದ ಎಲ್ಲ ಮಕ್ಕಳಿಗೂ ಶಿಫಾರಸು ಮಾಡುವುದಿಲ್ಲ. ಮಗಳ ತೋಳಲ್ಲಿ ಗುರುತಿಲ್ಲದ್ದು ಕಂಡು ಅಮ್ಮ, ಇವಳಿಗೆ ಸೂಜಿಯನ್ನೇ ಹಾಕಿಸಿಲ್ಲ ಅಂತ ಓಣಿಗೆಲ್ಲ ಹೇಳಿದ್ದರು.

ರಜೆ ಮತ್ತು ದುಡ್ಡಿನ ಲೆಕ್ಕ ಸ್ವಲ್ಪ ತಾಳ್ಮೆಯಿಂದ ಓದಬೇಕು. ನಮ್ಮ ದೇಶದಲ್ಲಿ 2017ರ ತಿದ್ದುಪಡಿಯಿಂದ ಮೊದಲ ಎರಡು ಮಕ್ಕಳಿಗೆ ತಾಯಿಗೆ 26 ವಾರ ಸಂಬಳದ ರಜೆ ಇದೆ, ಹತ್ತು ಜನಕ್ಕಿಂತ ಕಡಿಮೆ ಇರುವ ಕಡೆ ಇಲ್ಲ. ಖಾಸಗಿ ಕೆಲಸದ ಅಪ್ಪನಿಗೆ ಕಾನೂನಿನಲ್ಲಿ ಏನೂ ಇಲ್ಲ. ಅಮೆರಿಕದ ಕೇಂದ್ರ ಕಾನೂನು ಕೊಡುವುದು 12 ವಾರ ಸಂಬಳವಿಲ್ಲದ ರಜೆ ಮಾತ್ರ. ಅದೂ 1993ರಿಂದ. ಜರ್ಮನಿಯಲ್ಲಿ ಹೆರಿಗೆಗೆ ಮೊದಲು ಆರು ವಾರ, ನಂತರ ಎಂಟು ವಾರ ತಾಯಿಗೆ ಪೂರ್ತಿ ಸಂಬಳ. ಆ ಎಂಟು ವಾರ ಅವಳೇ ಬಯಸಿದರೂ ಕೆಲಸ ಮಾಡಿಸುವಂತಿಲ್ಲ. ಆಮೇಲೆ ಎಲ್ಟರ್ನ್‌ಗೆಲ್ಟ್, ಅಂದರೆ ಹೆತ್ತವರ ಹಣ. ಕೈಗೆ ಬರುತ್ತಿದ್ದ ಸಂಬಳದಲ್ಲಿ ನೂರಕ್ಕೆ ಸುಮಾರು 65 ಪಾಲು, ತಿಂಗಳಿಗೆ ಕಡಿಮೆ ಅಂದರೆ 300 ಯೂರೋ, ಜಾಸ್ತಿ ಅಂದರೆ 1,800. ಒಬ್ಬರೇ ತೆಗೆದುಕೊಂಡರೆ ಹನ್ನೆರಡು ತಿಂಗಳು. ಇಬ್ಬರೂ ಹಂಚಿಕೊಂಡರೆ ಇನ್ನೆರಡು ಸೇರಿ ಹದಿನಾಲ್ಕು. ಆ ಎರಡು ತಿಂಗಳ ಆಸೆ ತೋರಿಸಿಯೇ ಸರ್ಕಾರ ಗಂಡಸರನ್ನು ಮನೆಯಲ್ಲಿ ಕೂರಿಸುವುದು.

ಇದರಲ್ಲಿ ಮೂರು ಕಡೆ ನಾವು ಎಡವಿದೆವು. ಮೊದಲನೆಯದು, ತಿಂಗಳು ಅಂದರೆ ಕ್ಯಾಲೆಂಡರ್ ತಿಂಗಳಲ್ಲ, ಮಗುವಿನ ತಿಂಗಳು. 12ನೇ ತಾರೀಕು ಹುಟ್ಟಿದರೆ 12ರಿಂದ ಮುಂದಿನ 11ರ ತನಕ ಒಂದು ತಿಂಗಳು. ಗಂಡ ಒಂದನೇ ತಾರೀಕಿನಿಂದ ರಜೆ ಹಾಕಿ ಹನ್ನೊಂದು ದಿನದ ದುಡ್ಡು ಕಳೆದುಕೊಂಡರು. ಎರಡನೆಯದು, ಹೆರಿಗೆ ನಂತರದ ಎಂಟು ವಾರ ತಾಯಿಯ ಹನ್ನೆರಡು ತಿಂಗಳ ಒಳಗೇ ಸೇರಿಹೋಗುತ್ತದೆ, ಬೇರೆ ಅಲ್ಲ. ಮೂರನೆಯದು ತೆರಿಗೆ. ಅಲ್ಲಿ ಮದುವೆಯಾದವರು ತೆರಿಗೆ ವರ್ಗ ಆರಿಸಿಕೊಳ್ಳಬಹುದು. ಸಂಬಳ ಜಾಸ್ತಿ ಇರುವವರು ಮೂರನೇ ವರ್ಗ, ಕಡಿಮೆ ಇರುವವರು ಐದನೇ ವರ್ಗ ಅಂತ ಎಲ್ಲರೂ ಸಲಹೆ ಕೊಡುತ್ತಾರೆ. ಐದರಲ್ಲಿದ್ದರೆ ತಿಂಗಳು ತಿಂಗಳು ಜಾಸ್ತಿ ಹಿಡಿಯುತ್ತಾರೆ, ವರ್ಷದ ಕೊನೆಗೆ ಮನೆಯ ಲೆಕ್ಕದಲ್ಲಿ ಸರಿಹೋಗುತ್ತದೆ. ಆದರೆ ಎಲ್ಟರ್ನ್‌ಗೆಲ್ಟ್ ನೋಡುವುದು ಹೆರಿಗೆಗೆ ಮುಂಚಿನ ತಿಂಗಳುಗಳಲ್ಲಿ ಕೈಗೆ ಬಂದ ಸಂಬಳವನ್ನು. ಐದರಲ್ಲಿದ್ದ ನನಗೆ ಅದು ಮೊದಲೇ ಸಣ್ಣದು, ಅದರ 65 ಪಾಲು ಇನ್ನೂ ಸಣ್ಣದು. ಎರಡನೇ ಸಲ ಮಗುವಿನ ಯೋಚನೆ ಬಂದ ಕೂಡಲೇ ವರ್ಗ ಅದಲುಬದಲು ಮಾಡಿಕೊಂಡೆವು.

ಮಗನ ಸಲ ಗಂಡ ಆರು ತಿಂಗಳು ರಜೆ ಹಾಕಿದರು. ಮೊದಲ ತಿಂಗಳು ನನ್ನ ಜೊತೆ, ಮಿಕ್ಕಿದ್ದು ನಾನು ಕೆಲಸಕ್ಕೆ ಹೋದ ಮೇಲೆ. 2024ರ ಏಪ್ರಿಲ್‌ನಿಂದ ಹುಟ್ಟಿದ ಮಕ್ಕಳಿಗೆ ಇಬ್ಬರೂ ಒಟ್ಟಿಗೆ ಪೂರ್ತಿ ಹಣ ಪಡೆಯುವುದು ಸಾಮಾನ್ಯವಾಗಿ ಒಂದೇ ತಿಂಗಳು. ಊರಿನಲ್ಲಿ ಇದನ್ನು ಹೇಳಿದರೆ, "ಕೆಲಸ ಹೋಯ್ತೇನಪ್ಪಾ?" ಅಂತ ಒಬ್ಬರು ಮೆಲ್ಲಗೆ ಕೇಳಿದರು. ಕೆಲಸ ಹೋಗುವುದಿಲ್ಲ. ಮಗುವಿಗೆ ಮೂರು ವರ್ಷ ಆಗುವ ತನಕ ಅಪ್ಪ ಅಥವಾ ಅಮ್ಮ ಕೆಲಸದಿಂದ ದೂರ ಇರಬಹುದು, ಆ ಕಾಲದಲ್ಲಿ ಕಂಪನಿ ತೆಗೆದುಹಾಕುವ ಹಾಗಿಲ್ಲ. ಆ ಆರು ತಿಂಗಳು ನಮ್ಮ ಮನೆಯನ್ನು ಬದಲಾಯಿಸಿತು. ರಾಗಿ ಸರಿ ಗಂಟಾಗದ ಹಾಗೆ ಕಲಸುವುದನ್ನು ಅವರು ಕಲಿತರು, ನಾನು ಮನೆಗೆ ಬಂದು ಅದರಲ್ಲಿ ತಪ್ಪು ಹುಡುಕುವುದನ್ನು ಬಿಟ್ಟೆ. ಎರಡನೆಯದೇ ಕಷ್ಟವಾಗಿತ್ತು. ಇದರ ಮೇಲೆ ಪ್ರತಿ ಮಗುವಿಗೂ ಕಿಂಡರ್‌ಗೆಲ್ಟ್, ಅಂದರೆ ಮಕ್ಕಳ ಹಣ ಅಂತ 2025ರಲ್ಲಿ ತಿಂಗಳಿಗೆ 255 ಯೂರೋ ಇತ್ತು, 2026ರಿಂದ 259.

ವರ್ಷ ತುಂಬಿದ ಮಗುವಿಗೆ ಕಿಟಾ, ಅಂದರೆ ಶಿಶುವಿಹಾರದಲ್ಲಿ ಜಾಗ ಕೊಡುವುದು 2013ರ ಆಗಸ್ಟ್‌ನಿಂದ ಕಾನೂನಿನ ಹಕ್ಕು. ಹಕ್ಕು ಇದೆ, ಜಾಗ ಇಲ್ಲ! ಮಗಳಿಗೆ ನಾವು ಹೊಟ್ಟೆಯಲ್ಲಿದ್ದಾಗಲೇ ಹೆಸರು ಬರೆಸಿ, ಜಾಗ ಸಿಕ್ಕಿದ್ದು ಒಂದೂ ಮುಕ್ಕಾಲು ವರ್ಷಕ್ಕೆ. ಸಿಕ್ಕ ಮೇಲೂ ಬಿಟ್ಟು ಬರುವ ಹಾಗಿಲ್ಲ. ಮೊದಲು ಅಪ್ಪನೋ ಅಮ್ಮನೋ ಜೊತೆ ಕೂರಬೇಕು. ಆಮೇಲೆ ಹತ್ತು ನಿಮಿಷ ಹೊರಗೆ ಹೋಗಬೇಕು, ಆಮೇಲೆ ಅರ್ಧ ಗಂಟೆ. ಎರಡು ಮೂರು ವಾರ, ಕೆಲವು ಮಕ್ಕಳಿಗೆ ಇನ್ನೂ ಜಾಸ್ತಿ. ಇಲ್ಲಿ ಅಂಗನವಾಡಿ ಬಾಗಿಲಲ್ಲಿ ಅಳುವ ಮಗುವನ್ನು ಒಳಗೆ ತಳ್ಳಿ ಓಡಿಬರುವುದನ್ನು ನೋಡಿ ಬೆಳೆದ ನನಗೆ ಅದು ಅತಿ ಅನ್ನಿಸಿತ್ತು. ಈಗ ಅನ್ನಿಸುವುದಿಲ್ಲ. ಮೊದಲ ಚಳಿಗಾಲ ಮಾತ್ರ ಮೂಗು ಸೋರುವುದೇ ಸೋರುವುದು. ಜ್ವರ ಬಂದ ಮಗುವನ್ನು ಸೇರಿಸುವುದಿಲ್ಲ. ಅದಕ್ಕೆ ಸರ್ಕಾರಿ ವಿಮೆಯಲ್ಲಿ ಒಬ್ಬೊಬ್ಬರಿಗೆ ಒಂದು ಮಗುವಿಗೆ ವರ್ಷಕ್ಕೆ 15 ದಿನ ರಜೆ ಇದೆ. ಇವತ್ತು ಯಾರ ಮೀಟಿಂಗ್ ದೊಡ್ಡದು, ಯಾರ ದಿನ ಎಷ್ಟು ಉಳಿದಿದೆ ಅನ್ನುವುದೇ ನಮ್ಮ ಬೆಳಗಿನ ಆರು ಗಂಟೆಯ ಜಗಳ. ಊರಲ್ಲಾಗಿದ್ದರೆ ಅಜ್ಜಿ ಎತ್ತಿಕೊಂಡು ಕಷಾಯ ಕುಡಿಸುತ್ತಿದ್ದರು, ಅಷ್ಟೇ.

ಅಜ್ಜಿಯನ್ನೇ ಕರೆಸಿಕೊಳ್ಳಿ ಅಂತೀರಿ. ಕರೆಸಿಕೊಂಡೆವು. ಯುರೋಪಿನ ಹಲವು ದೇಶಗಳಿಗೆ ಒಟ್ಟಿಗೆ ನಡೆಯುವ ಷೆಂಗನ್ ವೀಸಾದಲ್ಲಿ ಯಾವುದೇ 180 ದಿನಗಳಲ್ಲಿ 90 ದಿನ ಮಾತ್ರ ಇರಬಹುದು. ಇಳಿದ ದಿನವೂ ಲೆಕ್ಕ, ಹೊರಡುವ ದಿನವೂ ಲೆಕ್ಕ. ಕಡಿಮೆಯೆಂದರೆ 30,000 ಯೂರೋ ಮೊತ್ತದ ಪ್ರಯಾಣ ವಿಮೆ ಬೇಕು. ಈಗ ಯೋಚಿಸಿ, ಹೆರಿಗೆ ಯಾವತ್ತು ಅಂತ ಯಾರಿಗೆ ಗೊತ್ತು? ಬೇಗ ಕರೆಸಿದರೆ ಕೊನೆಯ ದಿನಗಳು ಕೈತಪ್ಪುತ್ತವೆ, ತಡ ಮಾಡಿದರೆ ಹೆರಿಗೆ ಹೊತ್ತಿಗೆ ಮಗಳನ್ನು ನೋಡಿಕೊಳ್ಳುವವರಿಲ್ಲ. ಅಮ್ಮ ಹದಿನೈದು ದಿನ ಮೊದಲು ಬಂದರು, ಮಗ ಒಂಬತ್ತು ದಿನ ತಡ ಮಾಡಿದ. ತೊಂಬತ್ತರಲ್ಲಿ ಇಪ್ಪತ್ನಾಲ್ಕು ಕಾಯುವುದರಲ್ಲೇ ಹೋಯಿತು. ಡಿಸೆಂಬರ್‌ನಲ್ಲಿ ನಾಲ್ಕೂವರೆಗೆ ಸೂರ್ಯ ಮುಳುಗುತ್ತಾನೆ. ಮಧ್ಯಾಹ್ನದ ಕಾಫಿ ಲೋಟ ತೊಳೆಯುವ ಮೊದಲೇ ದೇವರ ದೀಪ ಹಚ್ಚುವುದಾ ಅಂತ ಅಮ್ಮ ದಿನಾ ಕಿಟಕಿ ನೋಡುತ್ತಿದ್ದರು. ಅವರು ಹೊರಟ ವಾರ ಅತ್ತೆ ಬಂದರು. ಅಲ್ಲಿನ ನಮ್ಮವರೆಲ್ಲ ಮಾಡುವುದು ಹೀಗೇ, ರಿಲೇ ಓಟದ ಹಾಗೆ.

ತಮಾಷೆ ಅಂದರೆ 2024ರ ಮಾರ್ಚ್ 1ರಿಂದ ಜರ್ಮನಿ ಅಪ್ಪ ಅಮ್ಮಂದಿರನ್ನೂ ಕಾಯಂ ಕರೆಸಿಕೊಳ್ಳಲು ಒಂದು ಕಿಂಡಿ ತೆರೆದಿದೆ. ಆದರೆ ಆ ದಿನ ಅಥವಾ ಆಮೇಲೆ ಮೊದಲ ಪರವಾನಗಿ ಪಡೆದ ನುರಿತ ಕೆಲಸಗಾರರಿಗೆ ಮಾತ್ರ. ಮೊನ್ನೆ ಮೊನ್ನೆ ಬಂದ ಹುಡುಗರಿಗೆ ಉಂಟು, 2017ರಲ್ಲಿ ಹೋದ ನಮಗಿಲ್ಲ. 2024ರ ಒಂದು ಕಾನೂನು ಮಗನಿಗೆ ಒಲಿಯಿತು, ಇನ್ನೊಂದು ಅವನ ಅಜ್ಜಿಗೆ ಒಲಿಯಲಿಲ್ಲ.

ಭಾಷೆಯ ವಿಷಯ. ಮನೆಯಲ್ಲಿ ಕನ್ನಡ ಬಿಟ್ಟು ಬೇರೆ ಆಡಬಾರದು ಅಂತ ನಾವು ನಿಯಮ ಮಾಡಿಕೊಂಡಿದ್ದೇವೆ. ಆದರೂ ಕಿಟಾಗೆ ಹೋದ ಆರು ತಿಂಗಳಲ್ಲಿ ಮಗಳು ಕನ್ನಡದಲ್ಲಿ ಕೇಳಿಸಿಕೊಂಡು ಜರ್ಮನ್‌ನಲ್ಲಿ ಉತ್ತರ ಕೊಡತೊಡಗಿದಳು. ಮಗು ಗೊಂದಲಕ್ಕೆ ಬಿದ್ದಿದೆ ಅಂತ ಹೆದರಬೇಕಿಲ್ಲ. ಎರಡು ಭಾಷೆ ಬೆರೆಸುವುದು ಅಂಥ ಮನೆಗಳ ಮಕ್ಕಳಲ್ಲಿ ಮಾಮೂಲು. ಯಾವ ಪದ ಬೇಗ ನಾಲಿಗೆಗೆ ಬರುತ್ತದೋ ಅದನ್ನು ಎತ್ತಿಕೊಳ್ಳುತ್ತಾರೆ. "ಅಮ್ಮ, ನಾನು ಮ್ಯೂಡೆ ಆಗಿದೀನಿ" ಅಂತಾಳೆ, ಸುಸ್ತಾಗಿದೆ ಅಂತ. ವ್ಯಾಕರಣ ಪೂರ್ತಿ ಕನ್ನಡದ್ದೇ ನೋಡಿ. ಕಷ್ಟ ಬೆರೆಸುವುದರಲ್ಲಿಲ್ಲ, ಕನ್ನಡ ಆಡುವವರು ಅವಳ ಪಾಲಿಗೆ ಇಬ್ಬರೇ ಇರುವುದರಲ್ಲಿ. ಇಲ್ಲಿಗೆ ಬಂದ ಎರಡನೇ ವಾರಕ್ಕೆ ಪಕ್ಕದ ಮನೆ ಮಕ್ಕಳ ಜೊತೆ "ನಂದು ಔಟ್ ಅಲ್ಲ, ಸುಳ್ಳು ಬುರುಕ" ಅಂತ ಕೂಗಾಡುತ್ತಿದ್ದಳು. ಜಗಳಕ್ಕೆ ಬೇಕಾದ ಕನ್ನಡ ಅಪ್ಪ ಅಮ್ಮನಿಂದ ಬರುವುದಿಲ್ಲ.

ನಮ್ಮ ಮನೆಯಿಂದ ಟ್ಯೂಬಿಂಗನ್ ಊರಿಗೆ ರೈಲಿನಲ್ಲಿ ಹೋಗಿಬರಬಹುದು. 1894ರಲ್ಲಿ ಕನ್ನಡ ನಿಘಂಟು ಹೊರತಂದ ಕಿಟೆಲ್ ತಮ್ಮ ಕೊನೆಗಾಲ ಕಳೆದು, 1903ರಲ್ಲಿ ತೀರಿಕೊಂಡದ್ದು ಅಲ್ಲೇ. ಮಗಳನ್ನು ಕರೆದುಕೊಂಡು ಹೋದಾಗ, ಈ ತಾತ ಜರ್ಮನ್ ಆಗಿದ್ದು ಕನ್ನಡ ಕಲಿತರು ಅಂದೆ. "ನನ್ನ ತಮ್ಮನ ಹಾಗಾ?" ಅಂದಳು.

ಇಷ್ಟೆಲ್ಲ ಕೇಳಿಸಿಕೊಂಡ ಚಿಕ್ಕಪ್ಪನಿಗೆ ಬೇಕಾಗಿದ್ದದ್ದು ಬೇರೆಯೇ. "ಅದಿರ್ಲಿ, ತೋಟ ಇವನಿಗೆ ಬತ್ತದೋ ಇಲ್ವೋ?" ಬರುತ್ತದೆ. ಎನ್‌ಆರ್‌ಐ ಆಗಲಿ, ಓಸಿಐ ಆಗಲಿ, ಭಾರತದಲ್ಲಿ ಕೃಷಿ ಜಮೀನು ಕೊಳ್ಳುವ ಹಾಗಿಲ್ಲ. ಅದು ವಿದೇಶಿ ವಿನಿಮಯ ಕಾನೂನಿನ ಕಟ್ಟು. 2020ರಲ್ಲಿ ಕರ್ನಾಟಕ ಭೂಸುಧಾರಣೆ ಕಾಯ್ದೆ ಸಡಿಲ ಮಾಡಿ ರೈತರಲ್ಲದವರೂ ಜಮೀನು ಕೊಳ್ಳಬಹುದು ಅಂದರೂ ಈ ಕಟ್ಟು ಬಿಚ್ಚಲಿಲ್ಲ. ದಾನವಾಗಿ ಕೊಡುವ ಹಾಗೂ ಇಲ್ಲ. ಆದರೆ ಪಿತ್ರಾರ್ಜಿತವಾಗಿ ಬರಬಹುದು. ಮುಂದೆ ಮಾರುವುದಾದರೆ ಭಾರತದಲ್ಲೇ ವಾಸ ಇರುವ ಭಾರತೀಯರಿಗೆ ಮಾರಬೇಕು. ಈ ವಿಷಯದಲ್ಲಿ, ಹೊರಗೆ ಇರುವ ತನಕ, ನೀಲಿ ಪಾಸ್‌ಪೋರ್ಟಿನ ಅಕ್ಕನೂ ಕೆಂಪು ಪಾಸ್‌ಪೋರ್ಟಿನ ತಮ್ಮನೂ ಹೆಚ್ಚುಕಡಿಮೆ ಒಂದೇ. ಚಿಕ್ಕಪ್ಪ ತಲೆಯಾಡಿಸಿ, ಪಾಸ್‌ಪೋರ್ಟಿಗೆ ಅಂಟಿದ್ದ ಅವರೆ ಸೊಗಡನ್ನು ಪಂಚೆಯಿಂದ ಒರೆಸಿ ನನ್ನ ಕೈಗೆ ಕೊಟ್ಟರು. ಆಮೇಲೆ ಮಗನನ್ನು ತೊಡೆಯ ಮೇಲೆ ಕೂರಿಸಿಕೊಂಡು, ಬೇಳೆ ಇದುಕುವುದು ಹೇಗೆ ಅಂತ ತೋರಿಸತೊಡಗಿದರು.

"ಮುಂದಿನ ಸಂಕ್ರಾಂತಿಗೆ ಇವನೇ ಇದುಕ್ತಾನೆ ಬಿಡು" ಅಂದರು.

ಈ ಸೆಪ್ಟೆಂಬರ್‌ಗೆ ಮಗಳು ಒಂದನೇ ಕ್ಲಾಸು. ಅಲ್ಲಿ ಶಾಲೆ ಕಡ್ಡಾಯ, ರಜೆ ಬಿಟ್ಟು ಬೇರೆ ದಿನ ಮಗುವನ್ನು ಊರಿಗೆ ಕರೆದೊಯ್ದರೆ ದಂಡ. ಕ್ರಿಸ್ಮಸ್ ರಜೆ ಜನವರಿ ಮೊದಲ ವಾರದ ಹೊತ್ತಿಗೆಲ್ಲ ಮುಗಿಯುತ್ತದೆ. ಸಂಕ್ರಾಂತಿ ಸಿಗುವುದಿಲ್ಲ, ಸಿದ್ಧಗಂಗೆ ಜಾತ್ರೆಯೂ ಸಿಗುವುದಿಲ್ಲ. ದೊಡ್ಡ ರಜೆ ಬರುವುದು ಆಗಸ್ಟ್‌ನಲ್ಲಿ. ಆಗ ವರಮಹಾಲಕ್ಷ್ಮಿ ಹಬ್ಬ ಇರುತ್ತದೆ, ಅವರೆಕಾಯಿ ಇರುವುದಿಲ್ಲ. ಇದನ್ನು ಚಿಕ್ಕಪ್ಪನಿಗೆ ಇನ್ನೂ ಹೇಳಿಲ್ಲ.